ಜಾಡಿಯ ಬಾಯಿ ಕಟ್ಟುವ ಮೊದಲು

ಬೆಳಿಗ್ಗೆ ಐದೂವರೆಗೆ ಗೂಡ್ಸ್ ಗಾಡಿಗಳ ಶಂಟಿಂಗ್ ಶುರುವಾಗುತ್ತಿತ್ತು. ಒಂದು ಡಬ್ಬಿ ಇನ್ನೊಂದಕ್ಕೆ ಬಡಿದು, ಆ ಸದ್ದು ಸಾಲಾಗಿ ಹಿಂದಕ್ಕೆ ಓಡಿ, ನಮ್ಮ ಅಡಿಗೆಮನೆಯ ಗೂಡಿನಲ್ಲಿದ್ದ ಲೋಟಗಳನ್ನು ಒಮ್ಮೆ ನಡುಗಿಸಿ ನಿಲ್ಲುವುದು. ಯಶವಂತಪುರದ ಆ ಮನೆಯಲ್ಲಿ ಎಲ್ಲರೂ ಏಳುತ್ತಿದ್ದುದು ಆ ಸದ್ದಿಗೇ. ಅವತ್ತೂ ಎದ್ದೆ. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಎಳೆದೆ. ಹಂಡೆಯ ಕೆಳಗೆ ಒಣಗಿದ ತೆಂಗಿನ ಗರಿ ತುರುಕಿ ಉರಿ ಹಚ್ಚಿದೆ. ಹಾಲಿನವನು ಬಂದು ಹೋದ. ಕಾಫಿ ಪುಡಿ ಎರಡು ಚಮಚ ಹಾಕಿದೆನೋ ಮೂರು ಹಾಕಿದೆನೋ ಮರೆತು, ಫಿಲ್ಟರಿನ ಮುಚ್ಚಳ ತೆಗೆದು ಮತ್ತೆ ನೋಡಿದೆ. ಯಜಮಾನರ ಡಬ್ಬಿಗೆ ಮೊಸರನ್ನ ಕಲಸುವಾಗ ಉಪ್ಪಿನದೂ ಅದೇ ಕಥೆ. ಅಂಗೈಗೆ ಒಂದಿಷ್ಟು ಹಾಕಿಕೊಂಡು ರುಚಿ ನೋಡಬೇಕಾಯಿತು. ಅತ್ತೆ ಕಂಡಿದ್ದರೆ ಎಂಜಲು ಎನ್ನುತ್ತಿದ್ದರು. ಅವರು ತುಳಸಿಕಟ್ಟೆಯ ಹತ್ತಿರ ಇದ್ದರು.

ಆ ವಾರವೆಲ್ಲ ನಾನು ಹೀಗೇ ಇದ್ದೆ. ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಗೆದ ಬಟ್ಟೆಯ ಮೇಲೆ ಇಂಜಿನ್ನಿನ ಮಸಿ ಬಿದ್ದಿದೆಯೇನೋ ಎಂದು ಹಿತ್ತಲಿಗೆ ಹೋಗುವುದು, ಹೋದ ಮೇಲೆ ಯಾಕೆ ಬಂದೆ ಎಂದು ಮರೆಯುವುದು. ನನ್ನ ಲೆಕ್ಕದಲ್ಲಿ ಎಂಟು ದಿನ ಮೀರಿತ್ತು.

ಲೆಕ್ಕ ನನ್ನೊಬ್ಬಳದೇ ಆಗಿರಲಿಲ್ಲ. ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಮನೆ ಅದು. ಈಗಿನವರಿಗೆ ಹೇಳಿದರೆ ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ಹಿತ್ತಲ ಜಗಲಿಯ ಮೇಲೆ ಒಂದು ಚಾಪೆ, ಒಂದು ಚೊಂಬು, ಒಂದು ತಟ್ಟೆ. ಯಾರನ್ನೂ ಮುಟ್ಟುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುವುದು. ನಾನು ಓದಿದ್ದು ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ, ಕಾನ್ವೆಂಟಿನಲ್ಲಿ. ಅಲ್ಲಿ ಈ ವಿಷಯಕ್ಕೆ ಹೆಸರೇ ಇರಲಿಲ್ಲ, ಹೊಟ್ಟೆ ನೋವು ಎಂದರೆ ಸಿಸ್ಟರ್ ಕಣ್ಣು ತಗ್ಗಿಸಿ ಬಿಸಿನೀರು ಕೊಡುತ್ತಿದ್ದರು, ಅಷ್ಟೆ. ಇಲ್ಲಿ ಅದಕ್ಕೊಂದು ಚಾಪೆಯೇ ಇತ್ತು. ನಾನು ಕೂತರೆ ಮನೆಯವರಿಗೆ ಗೊತ್ತು, ಪಾತ್ರೆ ತೊಳೆಯುವವಳಿಗೆ ಗೊತ್ತು, ಎದೆಯೆತ್ತರದ ಹಿತ್ತಲ ಗೋಡೆಯಾಚೆ ಇದ್ದ ಮೇಷ್ಟ್ರ ಹೆಂಡತಿಗೆ ಗೊತ್ತು. ಕೂರದಿದ್ದರೂ ಅಷ್ಟೇ ಚೆನ್ನಾಗಿ ಗೊತ್ತು.

ಮದುವೆಯಾಗಿ ಮೂರು ವರ್ಷ ತುಂಬಿತ್ತು. ಅತ್ತೆ ಒಂದು ದಿನವೂ ಏನನ್ನೂ ಕೇಳಿರಲಿಲ್ಲ. ಕೇಳಿದ್ದರೆ ಉತ್ತರವನ್ನಾದರೂ ಕೊಡಬಹುದಿತ್ತು. ಪ್ರತಿ ತಿಂಗಳು ನಾನು ಚಾಪೆ ತೆಗೆದುಕೊಂಡು ಹಿತ್ತಲಿಗೆ ಹೋಗುವಾಗ ಅವರು ಬೇರೆ ಕಡೆ ತಿರುಗಿ, ಕೈಲಿದ್ದ ಕೆಲಸವನ್ನು ಸ್ವಲ್ಪ ಜೋರಾಗಿ ಮಾಡುತ್ತಿದ್ದರು. ತೊಗರಿಬೇಳೆ ಕೇರುತ್ತಿದ್ದರೆ ಮೊರದ ಸದ್ದು ಹೆಚ್ಚಾಗುತ್ತಿತ್ತು.

ಅವರು ತಾರೀಖು ನೋಡುವವರಲ್ಲ, ತಿಥಿಯ ಮೇಲೆ ಲೆಕ್ಕ. ಹೋದ ತಿಂಗಳು ಏಕಾದಶಿಯ ದಿನ ನಾನು ಕೂತಿದ್ದೆ. ಈ ತಿಂಗಳು ಏಕಾದಶಿ ಬಂತು, ಹೋಯಿತು. ಅಮಾವಾಸ್ಯೆಯೂ ಕಳೆಯಿತು. ಅಮಾವಾಸ್ಯೆಯ ಮಾರನೆಯ ದಿನ ನಾನು ಬಾವಿಯ ಹಗ್ಗಕ್ಕೆ ಕೈ ಹಾಕಿದಾಗ ಅತ್ತೆ ಹಿಂದಿನಿಂದ ಬಂದು ಹಗ್ಗ ಕಿತ್ತುಕೊಂಡರು. "ಬಿಡು, ಸೊಂಟ ಹಿಡ್ಕೊಂಡೀತು. ನಾನು ಸೇದ್ತೀನಿ" ಎಂದರು. ಅವರಿಗೆ ಆಗ ಐವತ್ತೆಂಟು. ಅದೇ ಸಂಜೆ, ಅಬ್ಬಿಗೆರೆಯಿಂದ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದ ಮಾವಿನಕಾಯಿಯವಳಿಗೆ ನನ್ನೆದುರೇ ಹೇಳಿದರು: "ಚೌತಿ ದಿನ ತಂದ್ಬಿಡು. ನೂರು ಕಾಯಿ."

ಆ ಮಾತಿಗೆ ಎಷ್ಟು ಅರ್ಥವಿತ್ತು ಎಂಬುದನ್ನು ಹೇಳಬೇಕು. ವರ್ಷದ ಉಪ್ಪಿನಕಾಯಿ ಹಾಕುವ ದಿನ ಮನೆಯಲ್ಲಿ ಯಾರೂ ಹೊರಗೆ ಕೂತಿರಬಾರದು. ಕೂತವಳ ನೆರಳು ಬಿದ್ದರೂ ಜಾಡಿಯಲ್ಲಿ ಬೂಸಲು ಬರುತ್ತದೆ ಎಂದು ಅವರ ನಂಬಿಕೆ. ಹಿಂದಿನ ಬೀದಿಯ ಒಂದು ಮನೆಯಲ್ಲಿ ಸೊಸೆ ಅರ್ಧ ಕೆಲಸದಲ್ಲಿ ಹೊರಗಾದಳೆಂದು ಒಂದು ಕೊಳಗ ಹೋಳನ್ನು ಹಾಗೇ ಅಗಸಗಿತ್ತಿಗೆ ಎತ್ತಿ ಕೊಟ್ಟಿದ್ದರು. ಹಿಂದಿನ ಎರಡು ವರ್ಷವೂ ಅತ್ತೆ ನನ್ನ ನಾಲ್ಕನೇ ದಿನ ಕಳೆಯುವವರೆಗೆ ಕಾದು ಕಾಯಿ ತರಿಸಿದ್ದರು. ಈ ಸಲ ಕಾಯಲಿಲ್ಲ. ಇನ್ನು ಕಾಯುವ ಅಗತ್ಯವಿಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಹಾಗೆಂದು ಬಾಯಿಬಿಟ್ಟು ಹೇಳದೆ, ಮಾವಿನಕಾಯಿ ತರಿಸಿದರು.

ಇನ್ನೂ ಖಾತ್ರಿ ಇಲ್ಲ, ಅತ್ತೆ, ಎಂದು ಹೇಳಬೇಕೆಂದು ನಾನು ಎರಡು ದಿನ ಅವರ ಹಿಂದೆ ಮುಂದೆ ಸುಳಿದಾಡಿದೆ. ಬಾಯಿ ತೆರೆದರೆ ಬೇರೆ ಮಾತು ಬರುತ್ತಿತ್ತು. ಒಳ್ಳೆಣ್ಣೆ ಸಾಕಾಗತ್ತಾ ಎಂದು ಕೇಳಿದೆ. ಸಾಕು ಎಂದರು.

ಚೌತಿಯ ಆ ಬೆಳಿಗ್ಗೆ, ಎಂಟು ಗಂಟೆಗೆ ಯಜಮಾನರು ಆಫೀಸಿಗೆ ಹೊರಟ ಮೇಲೆ ಮಾವಿನಕಾಯಿಯವಳು ಬಂದಳು. ಬುಟ್ಟಿ ಇಳಿಸಿ, ಸಿಂಬಿ ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಂಡಳು.

"ಬೆಳಕರಿಯೋಕ್ ಮುಂಚೆ ಕಿತ್ತಿದ್ದು ಅಮ್ನೋರೆ. ಒಂದೂ ನೆಲಕ್ ಬಿದ್ದಿಲ್ಲ. ಬೇಕಾದ್ರೆ ಕಚ್ಚಿ ನೋಡಿ, ಅಲ್ಲು ಜುಮ್ ಅಂತೈತೆ."

"ಹೋದ ವರ್ಷಾನೂ ಹಿಂಗೇ ಹೇಳ್ದೆ. ಆಮೇಲೆ ಹೋಳೆಲ್ಲ ಮೆತ್ತಗಾಯ್ತು" ಎಂದರು ಅತ್ತೆ.

"ಅದು ನಮ್ ಮರದ್ದಲ್ಲ, ನಮ್ ಭಾವನ ಮರದ್ದು. ಅವನಂಗೇ ಅವನ ಮರಾನೂ." ಅವಳು ಕಾಯಿ ಎಣಿಸುತ್ತಾ ನನ್ನ ಕಡೆ ಒಮ್ಮೆ ನೋಡಿದಳು. ನೂರು ಮುಗಿದ ಮೇಲೆ ಇನ್ನೆರಡು ಕಾಯಿ ತೆಗೆದು ಬೇರೆಯಾಗಿ ನನ್ನ ಮುಂದಿಟ್ಟಳು. "ಇದು ಸಣ್ಣಮ್ನೋರ್ಗೆ. ಉಪ್ಪು ಅಚ್ಕೊಂಡು ತಿನ್ಲಿ."

ಅತ್ತೆ ಅವಳಿಗೇನೂ ಹೇಳಿರಲಿಲ್ಲ, ನನಗೆ ಗೊತ್ತು. ಆದರೂ ಅವಳಿಗೆ ಗೊತ್ತಾಗಿತ್ತು. ನಾನು ಆ ಎರಡು ಕಾಯಿಗಳನ್ನು ಎತ್ತಿಕೊಂಡು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಹಿಡಿದು ನಿಂತೆ.

ಊಟ ಬೇಗ ಮುಗಿಸಿ, ಮತ್ತೆ ಸ್ನಾನ ಮಾಡಿ ಮಡಿಯುಟ್ಟೆವು. ತೊಳೆದ ಕಾಯಿಗಳನ್ನು ಒರೆಸುವುದು ನನ್ನ ಕೆಲಸ. ಒಂದು ಹನಿ ನೀರು ಉಳಿದರೂ ಕೆಡುತ್ತದೆ. ತೊಟ್ಟಿನ ಹತ್ತಿರ ಸೊನೆ ಹರಿದ ಕಡೆ ಸಿಪ್ಪೆ ಕಪ್ಪಾಗಿತ್ತು. ಕೆಲವು ಕಾಯಿಗಳ ಒಂದು ಮಗ್ಗುಲು ಮಾತ್ರ ಬಿಸಿಲು ತಗುಲಿ ತುಸು ಕೆಂಪು. ಒಂದೊಂದನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಎರಡೆರಡು ಸಲ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಎತ್ತಿಕೊಂಡು ಒರೆಸಿದೆ.

ಓಟೆ ಸಮೇತ ಹೋಳು ಮಾಡಲು ಸಾಮಾನ್ಯ ಈಳಿಗೆ ಸಾಲದು. ಇಡೀ ಬೀದಿಗೆ ಒಂದೇ ದೊಡ್ಡ ಈಳಿಗೆ ಇದ್ದದ್ದು ಮೇಷ್ಟ್ರ ಹೆಂಡತಿಯ ಬಳಿ. ಕೇಳಿದರೆ ಬರೀ ಈಳಿಗೆ ಬರುತ್ತಿರಲಿಲ್ಲ, ಜೊತೆಗೆ ಆಕೆಯೂ ಬರುತ್ತಿದ್ದರು. ಅವತ್ತೂ ಬಂದು, ನಡುಮನೆಯಲ್ಲಿ ಈಳಿಗೆ ಮಣೆಯ ಮೇಲೆ ಕಾಲೂರಿ ಕೂತರು. ಕಟ್ ಕಟ್ ಎಂದು ಹೋಳು ಬೀಳತೊಡಗಿತು. ಮಾತೂ ಅದೇ ಲಯದಲ್ಲಿ.

"ಏನೇ ಕಾನ್ವೆಂಟು, ಹಂಗೆ ಒರೆಸ್ತೀಯ? ಕಾಯಿಗೆ ಪೌಡರ್ ಹಚ್ತಿದೀಯೋ?"

"ಸುಮ್ನಿರಿ, ಅವಳು ಒರೆಸಿದ್ರೆ ಒರೆಸಿದ್ಹಾಗೆ" ಎಂದರು ಅತ್ತೆ. ಅವರು ನನ್ನ ಪರ ಮಾತಾಡಿದ್ದು ಅಪರೂಪ. ಮೇಷ್ಟ್ರ ಹೆಂಡತಿಯ ಕೈ ಒಂದು ಗಳಿಗೆ ನಿಂತಿತು.

"ಅಲ್ಲಾ, ನಿಮ್ಮನೇಲಿ ಈ ವರ್ಷ ಹದಿನೈದು ದಿನ ಮುಂಚೇನೇ ಹಾಕ್ತಿದೀರಲ್ಲ?"

"ಕಾಯಿ ಚೆನ್ನಾಗಿ ಬಂದಿತ್ತು."

"ಕಾಯಿ ಬಂದಿತ್ತು. ಹ್ಞೂಂ." ಆಕೆ ನನ್ನನ್ನು ನೋಡಲಿಲ್ಲ. ಎಲ್ಲರೂ ಆ ಹೊತ್ತಿನಲ್ಲಿ ನನ್ನನ್ನು ಬಿಟ್ಟು ಬೇರೆ ಏನನ್ನಾದರೂ ನೋಡುತ್ತಿದ್ದರು.

ಹೋಳುಗಳ ರಾಶಿ ಹಿತ್ತಾಳೆ ಕೊಳಗದ ಕಂಠದವರೆಗೆ ಬಂತು. ಉಪ್ಪು, ಹುರಿದು ಪುಡಿ ಮಾಡಿದ ಮೆಂತ್ಯ, ಸಾಸಿವೆ, ಮೆಣಸಿನ ಪುಡಿ, ಅರಿಶಿನ ಎಲ್ಲವನ್ನೂ ಅತ್ತೆ ಅಳೆದು ಸುರಿದರು. ಕಲಸುವುದು ಯಾವಾಗಲೂ ಅವರೇ. ನಾನು ಎದ್ದು ಪಕ್ಕಕ್ಕೆ ಸರಿದೆ. ಅವರು ಕೈಬಳೆಗಳನ್ನು ಮೇಲಕ್ಕೆ ಏರಿಸಿಕೊಂಡರು, ಆಮೇಲೆ ಏನೋ ಯೋಚಿಸಿ ಮತ್ತೆ ಕೆಳಕ್ಕೆ ಬಿಟ್ಟರು.

"ಬಾ, ನೀನು ಕೈ ಹಾಕು."

"ನಾನಾ?"

"ಮತ್ತಿನ್ಯಾರು. ಬಾ."

"ಓಹೋ, ಬೀಗದ ಕೈ ಯಾವಾಗ ಕೊಡ್ತೀರಿ?" ಎಂದರು ಮೇಷ್ಟ್ರ ಹೆಂಡತಿ. ಅತ್ತೆ ನಕ್ಕರು. ಆ ಬೇಸಿಗೆಯಲ್ಲಿ ಅವರು ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೊಣಕೈವರೆಗೆ ಕೈ ಇಳಿಸಿದೆ. ಹೋಳುಗಳು ತಣ್ಣಗಿದ್ದವು, ಮೆಣಸಿನ ಪುಡಿ ಬೆಚ್ಚಗಿತ್ತು. ಕೆಳಗಿನಿಂದ ಮೇಲಕ್ಕೆ, ಹೋಳು ಒಡೆಯದ ಹಾಗೆ ತಿರುವಬೇಕು. ನಾಲ್ಕು ಸಲ ತಿರುವಿದ್ದೆನೇನೋ. ಸೊಂಟದಿಂದ ಕೆಳಕ್ಕೆ ಒಂದು ಸೆಳೆತ ಹರಿಯಿತು.

ಕುಕ್ಕುರುಗಾಲಿನಲ್ಲಿ ಕೂತಿದ್ದಕ್ಕೆ ಇರಬೇಕು ಎಂದುಕೊಂಡೆ. ಮಂಡಿ ಬದಲಿಸಿದೆ. ಬೆಳಿಗ್ಗೆಯಿಂದ ಏಳುವುದು ಕೂರುವುದು ಮಾಡಿದ್ದಕ್ಕೆ, ಖಾರದ ಘಾಟಿಗೆ, ಸೆಕೆಗೆ. ಇನ್ನೊಂದು ಸಲ ಬಂತು. ಹನ್ನೆರಡು ವರ್ಷದಿಂದ ಬಲ್ಲ ನೋವು ಅದು. ಅದಕ್ಕೆ ಬೇರೆ ಕಾರಣಗಳನ್ನು ಹುಡುಕುತ್ತಾ ನಾನು ಕೈ ನಿಲ್ಲಿಸದೆ ಕಲಸಿದೆ. ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕು. ಹೇಳಿದರೆ ಈ ಕೊಳಗ ಹೋಗುತ್ತದೆ, ಒಂದು ವರ್ಷದ ಊಟದ ರುಚಿ ಹೋಗುತ್ತದೆ. ಅದಾದರೂ ಹೋಗಲಿ. ಆಗತಾನೇ ನಕ್ಕ ಮುಖ ನನ್ನ ಮುಂದೆಯೇ ಇತ್ತು, ಮೇಷ್ಟ್ರ ಹೆಂಡತಿಯೂ ಪಕ್ಕದಲ್ಲೇ ಇದ್ದರು.

"ಸಾಕು ಕಣೇ, ಎಷ್ಟ್ ಕಲಸ್ತೀಯ" ಎಂದರು ಆಕೆ.

ಅತ್ತೆ ಕಾಯಿಸಿ ಆರಿಸಿದ ಇಂಗಿನ ಒಗ್ಗರಣೆಯ ಎಣ್ಣೆ ಸುರಿದರು. ಮೂರು ಜಾಡಿಗಳಿಗೆ ತುಂಬಿದೆವು. ತಳದಲ್ಲಿ ಉಳಿದದ್ದನ್ನು ಬಳಿದು ಬಿಸಾಡದೆ, ಅತ್ತೆ ಗೂಡಿನಿಂದ ಗೇಣುದ್ದದ ಒಂದು ಪುಟ್ಟ ಜಾಡಿ ತೆಗೆದು ಅದಕ್ಕೆ ಹಾಕಿದರು. "ಇದು ಬೇರೆ ಇರ್ಲಿ. ಮುಂದೆ ನಿಂಗೆ ಬಾಯಿಗೆ ಏನಾದ್ರೂ ಬೇಕನ್ಸಿದ್ರೆ ದೊಡ್ಡ ಜಾಡಿ ಬಿಚ್ಚೋದು ಬೇಡ." ಎಷ್ಟು ಮೆಲ್ಲಗೆ ಹೇಳಿದರೆಂದರೆ ಮೇಷ್ಟ್ರ ಹೆಂಡತಿ "ಏನಂದ್ರಿ?" ಎಂದು ಕೇಳಬೇಕಾಯಿತು. ಅತ್ತೆ ನಾಲ್ಕು ಜಾಡಿಗಳ ಬಾಯಿಗೂ ಬಿಳಿ ಬಟ್ಟೆ ಕಟ್ಟಿ ಗಂಟು ಬಿಗಿದರು.

ನಾನು ಬಚ್ಚಲಿಗೆ ಹೋದೆ. ಅನುಮಾನಕ್ಕೆ ಜಾಗವೇ ಉಳಿದಿರಲಿಲ್ಲ. ಸೀಗೆಪುಡಿ ಹಾಕಿ ಕೈ ತೊಳೆದೆ, ಕಡಲೆಹಿಟ್ಟು ಹಾಕಿ ತೊಳೆದೆ. ಉರಿ ಹೋಗಲಿಲ್ಲ. ಅಂಗೈ, ಬೆರಳ ಸಂದು, ಉಗುರಿನ ಬುಡ ಎಲ್ಲ ಉರಿಯುತ್ತಿತ್ತು. ಅಳು ಬರುವಂತಿತ್ತು, ಆದರೆ ಕಣ್ಣೊರೆಸಿಕೊಳ್ಳಲು ಆ ಕೈ ಆಗುವಂತಿರಲಿಲ್ಲ. ಹಾಗಾಗಿ ಅಳಲಿಲ್ಲ.

ಮೇಷ್ಟ್ರ ಹೆಂಡತಿ ಈಳಿಗೆಯನ್ನು ಒರೆಸಿಕೊಂಡು ಹೋದರು. ಅತ್ತೆ ನಡುಮನೆಯಲ್ಲಿ ಜಾಡಿಗಳ ಪಕ್ಕದಲ್ಲೇ ಬರಿ ನೆಲದ ಮೇಲೆ ಒರಗಿದರು. "ನೀನೂ ಮಲಕ್ಕೋ" ಎಂದರು. ತಲೆ ಸಿಡಿಯುತ್ತಿದೆ, ಗಾಳಿಗೆ ಕೂರುತ್ತೇನೆ ಎಂದು ಹಿತ್ತಲ ಮೆಟ್ಟಿಲಿಗೆ ಹೋದೆ. ಗೋಡೆಗೂ ಬಾಗಿಲಿಗೂ ತಗುಲದ ಹಾಗೆ ಕೂತೆ. ಎದ್ದೆ. ಬಾವಿಯವರೆಗೆ ನಡೆದು, ಬಾವಿಕಟ್ಟೆ ಮುಟ್ಟಬಾರದೆಂದು ನೆನಪಾಗಿ ತಿರುಗಿದೆ. ಕರಿಬೇವಿನ ಗಿಡದ ನೆರಳು ಒಂದು ಮಾರು ಸರಿಯುವವರೆಗೆ ಅಷ್ಟು ಜಾಗದಲ್ಲೇ ತಿರುಗಿದೆ. ಇವತ್ತು ಒಂದು ದಿನ ಸುಮ್ಮನಿದ್ದು, ನಾಳೆ ಬೆಳಿಗ್ಗೆ ಈಗಾಯಿತು ಎಂದರೆ ಯಾರಿಗೆ ಗೊತ್ತಾಗುತ್ತದೆ? ಕಾನ್ವೆಂಟಿನಲ್ಲಿ ಒಬ್ಬರು ವಯಸ್ಸಾದ ಸಿಸ್ಟರ್ ಹೇಳುತ್ತಿದ್ದರು, ಹೇಳಬೇಕಾದ್ದನ್ನು ಹೇಳದೆ ಇದ್ದರೆ ಅದೂ ಸುಳ್ಳಿನ ಲೆಕ್ಕವೇ ಎಂದು. ಆ ಸಿಸ್ಟರಿಗೆ ಅತ್ತೆ ಇರಲಿಲ್ಲ. ಹಾಗೆಂದುಕೊಂಡು, ಹಾಗೆಂದುಕೊಂಡದ್ದಕ್ಕೆ ನಾಚಿಕೆಯಾಗಿ, ಮತ್ತೆ ಕೂತೆ. ನಾಳೆ ಎಂದರೆ ಇವತ್ತಿನ ಸಂಜೆಯ ದೀಪ ನಾನೇ ಹಚ್ಚಬೇಕು, ಅವರ ತಟ್ಟೆಗೆ ನಾನೇ ಬಡಿಸಬೇಕು. ಶನಿವಾರ ಒಪ್ಪೊತ್ತು ಮಾಡುವ, ಮಡಿಯಿಲ್ಲದೆ ನೀರನ್ನೂ ಕುಡಿಯದ ಹೆಂಗಸು ಅವರು. ನನಗೆ ಆ ಮಡಿಯಲ್ಲಿ ನಂಬಿಕೆ ಇತ್ತೋ ಇಲ್ಲವೋ, ಅವರಿಗೆ ಇತ್ತು.

ನಾಲ್ಕು ಗಂಟೆಗೆ ಒಳಗಿನಿಂದ ಕೂಗಿದರು. "ಎದ್ದಿದೀಯೇನೇ? ಬಾ, ಕಾಫಿ ಬೆರೆಸು."

ಹೋದೆ. ಅಡಿಗೆಮನೆಯ ಹಿಂಬಾಗಿಲ ತನಕ ಹೋಗಿ ನಿಂತೆ. ಅತ್ತೆ ಇದ್ದಿಲೊಲೆಗೆ ಬೀಸಣಿಗೆ ಬೀಸುತ್ತಿದ್ದರು.

"ಬಾ ಅಂದ್ನಲ್ಲ. ಹಾಲು ಉಕ್ಕತ್ತೆ."

ನಾನು ಹೊಸ್ತಿಲು ದಾಟಲಿಲ್ಲ. ಮಾತಾಡಬೇಕಾಗಿಯೂ ಬರಲಿಲ್ಲ. ಅವರು ತಲೆಯೆತ್ತಿ ನನ್ನ ಕಾಲು ನೋಡಿದರು, ಹೊಸ್ತಿಲು ನೋಡಿದರು. ಬೀಸಣಿಗೆ ನಿಂತಿತು. ಹಾಲು ನಿಜವಾಗಿಯೂ ಉಕ್ಕಿ ಕೆಂಡದ ಮೇಲೆ ಚುರ್ ಎಂದಿತು. ಸೆರಗಿನಿಂದ ಹಿಡಿದು ಪಾತ್ರೆ ಇಳಿಸಿದರು.

"ಯಾವಾಗ?"

"ಕಲಸ್ತಾ ಇದ್ದಾಗ್ಲೇ ಅನ್ಸತ್ತೆ, ಅತ್ತೆ."

ಅವರು ನಡುಮನೆಯ ಕಡೆ ನೋಡಿದರು. ಬಿಳಿ ಬಟ್ಟೆ ಕಟ್ಟಿದ ಜಾಡಿಗಳು ಅಲ್ಲಿಂದ ಕಾಣುತ್ತಿದ್ದವು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಸ್ಟೇಷನ್ನಿನ ಕಡೆಯಿಂದ ಇಂಜಿನ್ನು ಉಗಿ ಬಿಡುತ್ತಿದ್ದ ಸದ್ದು ಬಹಳ ಹೊತ್ತು ಕೇಳಿಸಿತು.

"ಬಾಯಿ ಕಟ್ಟಿದ್ಮೇಲೆ" ಎಂದರು.

ನನಗೆ ಅರ್ಥವಾಗಲಿಲ್ಲ. "ಇಲ್ಲ ಅತ್ತೆ, ಅದಕ್ಕೂ ಮುಂಚೇನೇ..."

"ನಾನೇ ಕಟ್ಟಿದ್ದಲ್ವೇನೇ ಬಾಯಿ? ನಂಗೊತ್ತಿಲ್ವ?" ಸ್ವರ ಏರಲಿಲ್ಲ. ಒಲೆಯ ಬೂದಿ ನೋಡುತ್ತಾ ಹೇಳಿದರು. "ನಿಂಗೆ ಆಗಿದ್ದು ಜಾಡಿ ಬಾಯಿ ಕಟ್ಟಿದ್ಮೇಲೆ. ಯಾರ್ ಕೇಳಿದ್ರೂ ಅಷ್ಟೇ. ನಾನು ಕೇಳಿದ್ರೂ ಅಷ್ಟೇ."

ಮಡಿಯ ವಿಷಯದಲ್ಲಿ ತಮ್ಮ ಸ್ವಂತ ತಂಗಿಯನ್ನೂ ನಂಬದ ಹೆಂಗಸು ಹಾಗೆ ಹೇಳಿ, ಎದ್ದು ನಡುಮನೆಗೆ ಹೋದರು. ದೊಡ್ಡ ಜಾಡಿಗಳನ್ನು ಒಂದೊಂದಾಗಿ ಎತ್ತಿ ಅಟ್ಟಣಿಗೆಯ ಹಲಗೆಯ ಮೇಲಿಟ್ಟರು. ಎಲ್ಲ ಇಟ್ಟಾದ ಮೇಲೆ ಪುಟ್ಟ ಜಾಡಿಯನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಅದನ್ನು ದೊಡ್ಡವುಗಳ ಹಿಂದೆ, ಗೋಡೆಯ ಕಡೆಗೆ ಸರಿಸಿದರು.

ಚಾಪೆಯನ್ನು ಪ್ರತಿ ತಿಂಗಳು ನಾನೇ ತೆಗೆದುಕೊಂಡು ಹೋಗುತ್ತಿದ್ದೆ. ಅವತ್ತು ಅವರು ತಂದು ಜಗಲಿಯ ಮೇಲೆ ಹಾಸಿದರು. ಮತ್ತೆ ಒಳಗೆ ಹೋಗಿ, ಯಾವತ್ತೂ ಕೊಡದಿದ್ದ ಒಂದು ದಿಂಬು ತಂದು ದೂರದಿಂದ ಇಟ್ಟರು. ಹೊರಗೆ ಕೂತವಳಿಗೆ ದಿಂಬು ಕೊಟ್ಟರೆ ಆ ದಿಂಬಿನ ಬಟ್ಟೆ, ಹತ್ತಿ ಎಲ್ಲ ಬಿಸಿಲಿಗೆ ಹಾಕಿ ಶುದ್ಧ ಮಾಡಬೇಕು, ಆ ಕೆಲಸ ಅವರದೇ. ನಾನು ಬೇಡ ಎಂದೆ. ಕೇಳಿಸದವರಂತೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮೊರದ ಸದ್ದು ಬರತೊಡಗಿತು. ಎಂದಿನಷ್ಟು ಜೋರಾಗಿ ಇರಲಿಲ್ಲ.

ಆರು ಗಂಟೆಗೆ ಯಜಮಾನರು ಬಂದರು. ಕಾಲು ತೊಳೆಯಲು ಹಿತ್ತಲಿಗೆ ಬಂದವರು ಚಾಪೆ ಕಂಡು ಚೊಂಬು ಹಿಡಿದೇ ನಿಂತರು. ಆ ತಿಂಗಳ ಆಸೆಯನ್ನು ಅವರಿಗೂ ಯಾರೋ ಹೇಳದೆಯೇ ಹೇಳಿದ್ದಿರಬೇಕು.

"ಓ" ಎಂದರು. ಆಮೇಲೆ, "ಕಾಫಿ ಕುಡಿದ್ಯಾ?"

"ಕುಡಿದೆ."

"ಕೈಯೇನು ಇಷ್ಟು ಕೆಂಪಾಗಿದೆ?"

"ಮೆಣಸಿನ ಪುಡಿ."

ಅವರು ಇನ್ನೇನೋ ಹೇಳಲಿದ್ದರು. ಒಳಗಿನಿಂದ ಅತ್ತೆ ಕರೆದರು, ಹೋದರು. ಒಂದು ಬಟ್ಟಲು ಮಜ್ಜಿಗೆ ತಂದು ಚಾಪೆಯಿಂದ ಒಂದು ಮೊಳ ದೂರದಲ್ಲಿಟ್ಟರು. "ಕೈ ಅದ್ದಿಡ್ಬೇಕಂತೆ, ಅಮ್ಮ ಹೇಳಿದ್ಲು" ಎಂದು ಹೇಳಿ ಒಳಗೆ ಹೋದರು. ನಾನು ಎರಡೂ ಕೈಗಳನ್ನು ಮಜ್ಜಿಗೆಯಲ್ಲಿಟ್ಟುಕೊಂಡು ಕೂತೆ.

ಬೆಳಕು ಇಳಿಯುವ ಹೊತ್ತಿಗೆ ಗೋಡೆಯಾಚೆ ಮೇಷ್ಟ್ರ ಹೆಂಡತಿ ಒಣಗಿದ ಬಟ್ಟೆ ತೆಗೆಯಲು ಬಂದರು. ಒಂದೊಂದೇ ಪಂಚೆ ಕೊಡವಿ, ಮಸಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಅತ್ತೆ ಹಿಂಬಾಗಿಲಲ್ಲಿ ಸೊಡರು ಹಚ್ಚಿಕೊಂಡು ನಿಂತಿದ್ದರು. ಮೇಷ್ಟ್ರ ಹೆಂಡತಿಯ ಕಣ್ಣು ಚಾಪೆಯ ಮೇಲೆ ಬಿತ್ತು, ದಿಂಬಿನ ಮೇಲೆ ಬಿತ್ತು, ಬಟ್ಟಲಿನಲ್ಲಿದ್ದ ನನ್ನ ಕೈಗಳ ಮೇಲೆ ಬಿತ್ತು. ಹಗ್ಗದಿಂದ ಇನ್ನೊಂದು ಪಂಚೆ ಎಳೆದುಕೊಂಡರು.

"ಓ, ಕೂತ್ಯೇನೇ" ಎಂದರು, ಪಂಚೆ ಮಡಿಸುತ್ತಾ. "ಸದ್ಯ, ಉಪ್ಪಿನಕಾಯಿ ಮುಗಿದ್ಮೇಲಾಯ್ತಲ್ಲ."